ತಲೆ ಮರೆತರೂ ಕಾಲು ಕಲಿಯುತ್ತದೆ: ಡಿಮೆನ್ಷಿಯಾ ಇರುವ ಹಿರಿಯರಿಗೆ ಬ್ಯಾಲೆನ್ಸ್ ಫಿಸಿಯೋಥೆರಪಿ

ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಬುದ್ಧಿಶಕ್ತಿ ಕುಂದುತ್ತಾ ಹೋಗುವ ಕಾಯಿಲೆ, ಇರುವ ಹಿರಿಯರು ಒಮ್ಮೆ ಬಿದ್ದರೆ ಸಾಕು, ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ಇದು: "ಇನ್ಮೇಲೆ ಒಬ್ಬರೇ ಏಳಬೇಡಿ, ಸುಮ್ನೆ ಕೂತಲ್ಲೇ ಇರಿ." ಅದರಲ್ಲಿ ಪ್ರೀತಿಯೂ ಇದೆ, ಹೆದರಿಕೆಯೂ ಇದೆ. ಫಿಸಿಯೋಥೆರಪಿ ಮಾಡಿಸೋಣವೇ ಎಂದು ಯಾರಾದರೂ ಕೇಳಿದರೆ ಎರಡನೇ ಮಾತು ಬರುತ್ತದೆ: "ಬೆಳಿಗ್ಗೆ ತಿಂದದ್ದೇ ನೆನಪಿರಲ್ಲ, ವ್ಯಾಯಾಮ ಹೇಳಿಕೊಟ್ಟರೆ ನೆನಪಿರುತ್ತಾ?" ಆಸ್ಪತ್ರೆಗಳಲ್ಲೂ ಇದೇ ಮಾತು ಬೇರೆ ವೇಷದಲ್ಲಿ ಕೇಳಿಸುತ್ತದೆ. "ರೋಗಿ ಸಹಕರಿಸುವುದಿಲ್ಲ" ಎಂದು ಫೈಲಿನಲ್ಲಿ ಒಂದು ಸಾಲು ಬರೆದರೆ ಥೆರಪಿ ಅಲ್ಲಿಗೆ ಮುಗಿಯಿತು.

ಹೊಸದನ್ನು ನೆನಪಿಡಲಾಗದವರಿಗೆ ಬ್ಯಾಲೆನ್ಸ್ ಕಲಿಸಬಹುದೇ? ಇಷ್ಟು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕಲಿಸಬಹುದು. ಆದರೆ ಕಲಿಸುವ ರೀತಿಯೇ ಬೇರೆ. ನಿಲ್ಲಿಸಿದರೆ ಬಂದ ಲಾಭ ಕರಗುತ್ತದೆ. ಈ ವ್ಯಾಯಾಮದಿಂದ ಮರೆವು ವಾಸಿಯೂ ಆಗುವುದಿಲ್ಲ. ಈ ಕೊನೆಯ ಎರಡು ವಿಷಯಗಳನ್ನು ಉತ್ಸಾಹದಲ್ಲಿ ಮಾತಾಡುವವರು ಹೇಳುವುದು ಕಡಿಮೆ. ಅದಕ್ಕೇ ಅವನ್ನು ಮೊದಲೇ ಹೇಳಿಬಿಟ್ಟೆ.

ನಿಲ್ಲುವುದೂ ತಲೆಯ ಕೆಲಸವೇ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತು. ಬಿದ್ದು ಸಾಯುವವರ ಸಂಖ್ಯೆ ವರ್ಷಕ್ಕೆ ಸುಮಾರು 6.84 ಲಕ್ಷ, ಅವರಲ್ಲಿ 60 ದಾಟಿದವರೇ ಜಾಸ್ತಿ. ಡಿಮೆನ್ಷಿಯಾ ಇರುವವರು ಅದೇ ವಯಸ್ಸಿನ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೀಳುತ್ತಾರೆ. ಸೊಂಟದ ಮೂಳೆ ಮುರಿದ ಮೇಲೆ ಮೊದಲಿನಂತೆ ಓಡಾಡುವ ಸಾಧ್ಯತೆಯೂ ಇವರಿಗೆ ಕಡಿಮೆ.

ಯಾಕೆ ಇಷ್ಟು ಬೀಳುತ್ತಾರೆ? ಕಾಲಿನ ಶಕ್ತಿ ಕುಂದಿದೆ ಎನ್ನುವುದು ಅರ್ಧ ಉತ್ತರ ಅಷ್ಟೇ. ನೆಟ್ಟಗೆ ನಿಲ್ಲಲು ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣು ಸುತ್ತಲಿನದನ್ನು ಹೇಳುತ್ತದೆ. ಒಳಕಿವಿ ತಲೆ ಯಾವ ಕಡೆ ವಾಲಿದೆ ಎಂದು ಹೇಳುತ್ತದೆ. ಪಾದ ಮತ್ತು ಕೀಲುಗಳು ನೆಲ ಗಟ್ಟಿಯೋ ಮೆತ್ತಗೋ, ಮೈಭಾರ ಎಲ್ಲಿದೆ ಎಂದು ಹೇಳುತ್ತವೆ. ಈ ಮೂರನ್ನೂ ಕೂಡಿಸಿ, ಯಾವುದನ್ನು ನಂಬಬೇಕೆಂದು ಕ್ಷಣದೊಳಗೆ ತೀರ್ಮಾನಿಸಿ, ಸ್ನಾಯುಗಳಿಗೆ ಆಜ್ಞೆ ಕೊಡುವುದು ಮೆದುಳು. ಡಿಮೆನ್ಷಿಯಾದಲ್ಲಿ ಹಾಳಾಗುವುದು ಈ ಕೂಡಿಸುವ, ತೀರ್ಮಾನಿಸುವ ಕೆಲಸ. ಹಾಗಾಗಿ ನೆಲದ ಮೇಲಿನ ಕಪ್ಪು ಮ್ಯಾಟು ಗುಂಡಿಯಂತೆ ಕಾಣುತ್ತದೆ. ಹೊಳೆಯುವ ನೆಲ ನೀರು ಚೆಲ್ಲಿದಂತೆ ಕಾಣುತ್ತದೆ. ಹೆಜ್ಜೆ ತಡವರಿಸುತ್ತದೆ, ಆಯ ತಪ್ಪುತ್ತದೆ. ನೋಡುವವರಿಗೆ "ಏನೂ ಇಲ್ಲದ ಕಡೆ ಬಿದ್ದರು" ಅನಿಸುತ್ತದೆ. ಬಿದ್ದವರ ಕಣ್ಣಿಗೆ ಅಲ್ಲಿ ಗುಂಡಿ ಇತ್ತು.

ಇದಕ್ಕೆ ಒಂದು ಸುಂದರವಾದ ಪುರಾವೆ ಇದೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಬಹಳ ಸರಳವಾದ ಒಂದು ವಿಷಯವನ್ನು ಗಮನಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿರಿಯರ ಜೊತೆ ನಡೆಯುತ್ತಾ ಮಾತಿಗೆಳೆದರೆ ಕೆಲವರು ಉತ್ತರ ಕೊಡಲು ನಿಂತುಬಿಡುತ್ತಾರೆ. ಹಾಗೆ ನಿಲ್ಲುವವರು ಮುಂದಿನ ತಿಂಗಳುಗಳಲ್ಲಿ ಬೀಳುವ ಸಾಧ್ಯತೆ ಜಾಸ್ತಿ ಎಂದು ಕಂಡುಬಂತು. ಆರೋಗ್ಯವಂತರಿಗೆ ನಡಿಗೆ ತಾನಾಗಿ ನಡೆಯುವ ಕೆಲಸ. ಇವರಿಗೆ ಅದು ಗಮನ ಕೊಟ್ಟು ಮಾಡಬೇಕಾದ ಕೆಲಸ. ಗಮನ ಮಾತಿನ ಕಡೆ ಹೋದರೆ ಕಾಲಿಗೆ ಏನೂ ಉಳಿಯುವುದಿಲ್ಲ. ಯಾವ ಯಂತ್ರವೂ ಬೇಡದ ಪರೀಕ್ಷೆ ಇದು. ಮನೆಯಲ್ಲಿ ಹಿರಿಯರಿದ್ದರೆ ನೀವೂ ಈಗಾಗಲೇ ಇದನ್ನು ಕಂಡಿರಬಹುದು, ಅಲ್ವಾ?

ಇನ್ನೊಂದು ವಿಷಯ. ಡಿಮೆನ್ಷಿಯಾ ಎಂದರೆ ಒಂದೇ ಕಾಯಿಲೆಯಲ್ಲ. ಅದರಲ್ಲಿ ಆಲ್ಝೈಮರ್ ಪಾಲು ಶೇ. 60ರಿಂದ 70. ರಕ್ತನಾಳದ ತೊಂದರೆಯಿಂದ ಬರುವ ಬಗೆಯಲ್ಲಿ ನಡಿಗೆ ಬೇಗನೇ ಕೆಡುತ್ತದೆ. ಲೂಯಿ ಬಾಡಿ ಬಗೆಯಲ್ಲಿ ಪಾರ್ಕಿನ್ಸನ್ ತರಹದ ಬಿಗಿತ ಬರುತ್ತದೆ, ಎದ್ದು ನಿಂತ ಕೂಡಲೇ ಬಿಪಿ ಕುಸಿಯುವುದೂ ಇದೆ. ಮೆದುಳಿನ ಮುಂಭಾಗ ಹಾಳಾಗುವ ಬಗೆಯಲ್ಲಿ ಕಾಲು ಗಟ್ಟಿಯಾಗಿದ್ದರೂ ಅಪಾಯದ ಅರಿವೇ ಇಲ್ಲದೆ ನುಗ್ಗಬಹುದು. ಎಲ್ಲರಿಗೂ ಒಂದೇ ವ್ಯಾಯಾಮದ ಹಾಳೆ ಕೊಟ್ಟು ಕಳಿಸುವುದು ಕೆಲಸ ಮಾಡದೇ ಇರುವುದಕ್ಕೆ ಇದೂ ಒಂದು ಕಾರಣ.

ಯಾವ ನೆನಪು ಹೋಗುತ್ತದೆ, ಯಾವುದು ಉಳಿಯುತ್ತದೆ

"ನೆನಪಿರಲ್ಲ" ಎನ್ನುವಾಗ ನಾವು ನೆನಪನ್ನು ಒಂದೇ ಪೆಟ್ಟಿಗೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. ನಿನ್ನೆ ಯಾರು ಬಂದಿದ್ದರು ಎಂಬ ನೆನಪು ಒಂದು. ಅಂಗಿಯ ಗುಂಡಿ ಹಾಕುವುದು ಹೇಗೆ, ಈಜುವುದು ಹೇಗೆ ಎಂಬ ನೆನಪು ಇನ್ನೊಂದು. ಮೊದಲನೆಯದಕ್ಕೆ ಹಿಪ್ಪೊಕ್ಯಾಂಪಸ್ ಎಂಬ ಭಾಗ ಬೇಕು. ಆಲ್ಝೈಮರ್ ಮೊದಲು ಪೆಟ್ಟು ಕೊಡುವುದು ಅಲ್ಲಿಗೇ. ಎರಡನೆಯದು ಮೆದುಳಿನ ಬೇರೆ ಭಾಗಗಳನ್ನು, ಮುಖ್ಯವಾಗಿ ಬೇಸಲ್ ಗ್ಯಾಂಗ್ಲಿಯಾ ಮತ್ತು ಸೆರೆಬೆಲ್ಲಮ್ ಅನ್ನು ನೆಚ್ಚಿಕೊಂಡಿದೆ. ಅವು ಹೆಚ್ಚು ಕಾಲ ಉಳಿಯುತ್ತವೆ. ಆದ್ದರಿಂದ ಥೆರಪಿಸ್ಟ್ ಮುಖ ಮರೆತುಹೋದರೂ, "ನಾನು ಯಾವತ್ತೂ ವ್ಯಾಯಾಮ ಮಾಡಿಲ್ಲ" ಎಂದು ಹಿರಿಯರು ಹಟ ಹಿಡಿದರೂ, ಆರು ವಾರ ಅಭ್ಯಾಸ ಮಾಡಿದ ಮೈ ಕುರ್ಚಿಯಿಂದ ಮೊದಲಿಗಿಂತ ಚೆನ್ನಾಗಿ ಏಳಬಹುದು. ಕಲಿತದ್ದು ಅವರಿಗೆ ಗೊತ್ತಿರುವುದಿಲ್ಲ, ಆದರೆ ಕಲಿತಿರುತ್ತಾರೆ. (ಲೂಯಿ ಬಾಡಿ ಬಗೆಯಲ್ಲಿ ಬೇಸಲ್ ಗ್ಯಾಂಗ್ಲಿಯಾವೇ ಕೆಡುವುದರಿಂದ ಅಲ್ಲಿ ಈ ಲೆಕ್ಕ ಅಷ್ಟು ಸಲೀಸಲ್ಲ.)

ಇದು ಗೊತ್ತಿದ್ದ ಥೆರಪಿಸ್ಟ್ ಕಲಿಸುವ ದಾರಿಯನ್ನೇ ಬದಲಿಸುತ್ತಾರೆ. "ಬಲಗಾಲು ಹಿಂದಿಡಿ, ಮುಂದಕ್ಕೆ ಬಾಗಿ, ಮಂಡಿ ಒತ್ತಿ ಎದ್ದೇಳಿ" ಎಂದು ಮೂರು ಆಜ್ಞೆ ಒಟ್ಟಿಗೆ ಕೊಡುವುದಿಲ್ಲ. ಎದುರು ಕೂತು ತಾವೇ ಎದ್ದು ತೋರಿಸುತ್ತಾರೆ. ಒಂದು ಸಲಕ್ಕೆ ಒಂದೇ ಮಾತು, ಪ್ರತಿ ದಿನ ಅದೇ ಮಾತು. ಹೇಳಿ ಸ್ವಲ್ಪ ಕಾಯುತ್ತಾರೆ, ಏಕೆಂದರೆ ಮಾತು ಒಳಗೆ ಇಳಿಯಲು ಹೊತ್ತು ಬೇಕು. ನಾವು ಮಾಡುವ ತಪ್ಪು ಇಲ್ಲೇ. ಉತ್ತರ ಬರಲಿಲ್ಲ ಎಂದು ಅದನ್ನೇ ಬೇರೆ ಪದಗಳಲ್ಲಿ, ಇನ್ನಷ್ಟು ಜೋರಾಗಿ ಹೇಳುತ್ತೇವೆ. ಅವರಿಗೆ ಅದು ಎರಡನೇ ಪ್ರಶ್ನೆಯಾಗುತ್ತದೆ, ಮೊದಲನೆಯದೂ ಕೈಬಿಡುತ್ತದೆ.

ತಪ್ಪು ಮಾಡಿಸಿ ತಿದ್ದುವ ಪದ್ಧತಿಯೂ ಇಲ್ಲಿ ನಡೆಯುವುದಿಲ್ಲ. ನಾವು ತಪ್ಪಿನಿಂದ ಕಲಿಯುವುದು ಆ ತಪ್ಪು ನೆನಪಿರುವುದರಿಂದ. ತಪ್ಪು ಮಾಡಿದ್ದು ನೆನಪಿಲ್ಲದವರಲ್ಲಿ ತಪ್ಪು ಚಲನೆಯೇ ಅಭ್ಯಾಸವಾಗಿ ಕೂತುಬಿಡುತ್ತದೆ. ಹಾಗಾಗಿ ಮೊದಲಿನಿಂದಲೇ ಕೈಹಿಡಿದು ಸರಿಯಾದ ಚಲನೆಯನ್ನೇ ಮಾಡಿಸಬೇಕು, ನಂತರ ನಿಧಾನವಾಗಿ ಆಸರೆ ಕಡಿಮೆ ಮಾಡಬೇಕು. ಅದೇ ಕುರ್ಚಿ, ಅದೇ ಜಾಗ, ಸಾಧ್ಯವಾದರೆ ಅದೇ ಹೊತ್ತು. ಕ್ಲಿನಿಕ್ಕಿನ ಕುರ್ಚಿಯಿಂದ ಏಳಲು ಕಲಿತವರು ಮನೆಯ ಸೋಫಾದಿಂದ ಎದ್ದೇ ಏಳುತ್ತಾರೆ ಎನ್ನುವಂತಿಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವ ಶಕ್ತಿ ಕುಂದಿರುತ್ತದೆ. ಮನೆಗೆ ಬಂದು ಕಲಿಸುವ ಥೆರಪಿಗೆ ಇರುವ ದೊಡ್ಡ ಅನುಕೂಲ ಇದೇ.

"ವ್ಯಾಯಾಮ ಮಾಡೋಣ ಬನ್ನಿ" ಎಂದರೆ ಬೇಡ ಎನ್ನುವವರು "ಆ ಮೇಲಿನ ಡಬ್ಬ ಸ್ವಲ್ಪ ಕೊಡ್ತೀರಾ?" ಎಂದರೆ ಎದ್ದು ಕೈ ಚಾಚುತ್ತಾರೆ. ಎದ್ದು ನಿಂತು ಮೇಲಕ್ಕೆ ಕೈ ಚಾಚುವುದು ಒಳ್ಳೆಯ ಬ್ಯಾಲೆನ್ಸ್ ವ್ಯಾಯಾಮ. ಇದನ್ನು ಮೋಸ ಅನ್ನಬೇಕಿಲ್ಲ. ಅರ್ಥವಿರುವ ಕೆಲಸ ಯಾರಿಗಾದರೂ ಬೇಗ ಹಿಡಿಸುತ್ತದೆ.

ಅಲುಗಾಡದಿದ್ದರೆ ಅದು ಬ್ಯಾಲೆನ್ಸ್ ವ್ಯಾಯಾಮವಲ್ಲ

ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ಹಿರಿಯರಿಗೆಂದು ಮಾಡಿಸುವ ಎಷ್ಟೋ ವ್ಯಾಯಾಮಗಳು ಕುರ್ಚಿಯಲ್ಲಿ ಕೂತು ಕೈ ಬೀಸುವುದು, ಕಾಲು ಅಲ್ಲಾಡಿಸುವುದು. ಮನಸ್ಸಿಗೆ ಹಿತ, ಕೀಲಿಗೂ ಒಳ್ಳೆಯದೇ. ಬ್ಯಾಲೆನ್ಸ್‌ಗೆ ಮಾತ್ರ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಕೂತವರಿಗೆ ಕುರ್ಚಿಯೇ ಬ್ಯಾಲೆನ್ಸ್ ಕೊಡುತ್ತಿರುತ್ತದೆ. ಬ್ಯಾಲೆನ್ಸ್ ಸುಧಾರಿಸಬೇಕಾದರೆ ಅದಕ್ಕೆ ಸವಾಲು ಬೇಕು. ಮೈ ಸ್ವಲ್ಪ ಓಲಾಡಬೇಕು, ಅದನ್ನು ಹಿಡಿದು ನಿಲ್ಲಿಸುವ ಕೆಲಸ ಮೆದುಳಿಗೂ ಕಾಲಿಗೂ ಬೀಳಬೇಕು. ಕಾಲು ಜೋಡಿಸಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಹಿಮ್ಮಡಿ ಎತ್ತುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು, ತಿರುಗುವುದು, ಸಣ್ಣ ಮೆಟ್ಟಿಲು ಹತ್ತಿ ಇಳಿಯುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ಇಂದು ಎರಡು ಕೈ ಹಿಡಿದು, ಕೆಲವು ವಾರದ ಮೇಲೆ ಒಂದು ಕೈ, ಆಮೇಲೆ ಬೆರಳ ತುದಿ.

ಸವಾಲು ಎಂದ ಕೂಡಲೇ ಸುರಕ್ಷತೆಯ ಮಾತು ಬರಲೇಬೇಕು. ಗಟ್ಟಿಯಾದ ಕಟ್ಟೆ ಅಥವಾ ಕಂಬಿಯ ಪಕ್ಕ, ಹಿಂದೆ ಕುರ್ಚಿ, ಸೊಂಟಕ್ಕೆ ಹಿಡಿದುಕೊಳ್ಳುವ ಬೆಲ್ಟ್, ಪಕ್ಕದಲ್ಲಿ ಹಿಡಿಯಬಲ್ಲ ಒಬ್ಬರು. ಇಷ್ಟಿಲ್ಲದೆ ಮನೆಯವರೇ ಒಂದು ವಿಡಿಯೋ ನೋಡಿ ಒಂಟಿಕಾಲಲ್ಲಿ ನಿಲ್ಲಿಸಲು ಹೋಗಬಾರದು. ಮೊದಲ ಅಳತೆ, ಮೊದಲ ಯೋಜನೆ ಥೆರಪಿಸ್ಟರದ್ದೇ ಆಗಬೇಕು.

ಅಳತೆಗೆ ಎರಡು ಪರೀಕ್ಷೆಗಳು ಜಾಸ್ತಿ ಬಳಕೆಯಲ್ಲಿವೆ. ಒಂದರಲ್ಲಿ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಹಿಡಿದ ಸಮಯವನ್ನು ಸೆಕೆಂಡುಗಳಲ್ಲಿ ಬರೆದುಕೊಳ್ಳುತ್ತಾರೆ. ಇನ್ನೊಂದು 14 ಚಟುವಟಿಕೆಗಳ, 56 ಅಂಕದ ಬರ್ಗ್ ಪರೀಕ್ಷೆ. ಡಿಮೆನ್ಷಿಯಾ ಇರುವವರಲ್ಲಿ ಇವನ್ನು ಓದುವಾಗ ಹುಷಾರಾಗಿರಬೇಕು. 3 ಮೀಟರ್ ನಡೆದವರಿಗೆ ತಿರುಗಬೇಕು ಎಂಬುದೇ ಮರೆತು ಬಾಗಿಲ ಕಡೆ ಹೊರಟುಹೋಗಬಹುದು. ಅಂಕ ಕಡಿಮೆ ಬಂದದ್ದು ಕಾಲಿನಿಂದಲೋ, ಸೂಚನೆ ಮರೆತದ್ದರಿಂದಲೋ? ಅನುಭವಿ ಥೆರಪಿಸ್ಟರು ತಿರುಗುವ ಜಾಗದಲ್ಲಿ ಎದ್ದು ಕಾಣುವ ಒಂದು ವಸ್ತು ಇಡುತ್ತಾರೆ, ದಾರಿಯುದ್ದಕ್ಕೂ ನೆನಪಿಸುತ್ತಾರೆ.

ಅಧ್ಯಯನಗಳು ಹೇಳಿದ್ದು, ಹೇಳದೇ ಬಿಟ್ಟದ್ದು

ಹಿರಿಯರಲ್ಲಿ ವ್ಯಾಯಾಮದಿಂದ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ 23,000ಕ್ಕೂ ಹೆಚ್ಚು ಜನರ ಮೇಲಿನ 108 ಪ್ರಯೋಗಗಳನ್ನು ಸೇರಿಸಿ ನೋಡಿತು. ಬೀಳುವ ಪ್ರಮಾಣ ಶೇ. 23ರಷ್ಟು ಇಳಿದಿತ್ತು. ಆದರೆ ಈ ಲೆಕ್ಕವನ್ನು ಹಾಗೇ ಎತ್ತಿ ಡಿಮೆನ್ಷಿಯಾಕ್ಕೆ ಅಂಟಿಸುವಂತಿಲ್ಲ. ಅವುಗಳಲ್ಲಿ ಬಹುಪಾಲು ಪ್ರಯೋಗಗಳು ನೆನಪಿನ ತೊಂದರೆ ಇದ್ದವರನ್ನು ಹೊರಗೇ ಇಟ್ಟಿದ್ದವು. ಅತಿ ಹೆಚ್ಚು ಬೀಳುವವರನ್ನು ಬಿಟ್ಟು ಬೀಳುವಿಕೆಯ ಅಧ್ಯಯನ!

ಡಿಮೆನ್ಷಿಯಾ ಇರುವವರನ್ನೇ ಸೇರಿಸಿಕೊಂಡ ದೊಡ್ಡ ಪ್ರಯೋಗಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲ. 2013ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗ ಎಲ್ಲಕ್ಕಿಂತ ಆಶಾದಾಯಕ. ಸಂಗಾತಿಯ ಜೊತೆ ಮನೆಯಲ್ಲೇ ಇದ್ದ 210 ಆಲ್ಝೈಮರ್ ರೋಗಿಗಳು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ವಾರಕ್ಕೆ ಎರಡು ಸಲ, ಒಂದು ವರ್ಷ ವ್ಯಾಯಾಮ ಮಾಡಿಸಿದರು. ಇನ್ನೊಂದು ಗುಂಪು ಹಗಲಿನ ಆರೈಕೆ ಕೇಂದ್ರದಲ್ಲಿ ಒಟ್ಟಾಗಿ ಮಾಡಿತು. ಮೂರನೆಯದಕ್ಕೆ ಮಾಮೂಲಿ ಆರೈಕೆ. ಒಬ್ಬರು ವರ್ಷಕ್ಕೆ ಸರಾಸರಿ ಎಷ್ಟು ಸಲ ಬಿದ್ದರು ಎಂದು ನೋಡಿದರೆ, ಮಾಮೂಲಿ ಗುಂಪಿನಲ್ಲಿ 3.07, ಕೇಂದ್ರದ ಗುಂಪಿನಲ್ಲಿ 1.86, ಮನೆಯ ಗುಂಪಿನಲ್ಲಿ 1.35. ಮನೆಯ ಗುಂಪಿನವರು ದಿನನಿತ್ಯದ ಕೆಲಸಗಳಲ್ಲಿ ಪರಾವಲಂಬಿಗಳಾಗುವುದೂ ನಿಧಾನವಾಯಿತು. ಆರೋಗ್ಯ ಸೇವೆಯ ಒಟ್ಟು ಖರ್ಚು ಹೆಚ್ಚಲಿಲ್ಲ.

ಸ್ವೀಡನ್ನಿನಲ್ಲಿ ಆರೈಕೆ ಮನೆಗಳಲ್ಲಿದ್ದ 186 ಜನರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗ ಬೇರೆ ಪಾಠ ಹೇಳುತ್ತದೆ. ನಾಲ್ಕು ತಿಂಗಳು, ಶಕ್ತಿಯ ಮಿತಿಯ ಹತ್ತಿರದವರೆಗೆ ಒಯ್ಯುವ ಕಠಿಣ ಅಭ್ಯಾಸ. ಹೋಲಿಕೆಗೆ ಇಟ್ಟ ಗುಂಪಿಗಿಂತ ಬರ್ಗ್ ಪರೀಕ್ಷೆಯಲ್ಲಿ ಸುಮಾರು 4 ಅಂಕ ಜಾಸ್ತಿ. ಅಂದರೆ ಬ್ಯಾಲೆನ್ಸ್ ನಿಜಕ್ಕೂ ಸುಧಾರಿಸಿತು. ಸ್ನಾನ, ಬಟ್ಟೆ, ಊಟದಂಥ ಕೆಲಸಗಳ ಸ್ವಾವಲಂಬನೆಯಲ್ಲಿ ಮಾತ್ರ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ನಿಲ್ಲಿಸಿ ಮೂರು ತಿಂಗಳಾದ ಮೇಲೂ ಬ್ಯಾಲೆನ್ಸ್ ಲಾಭ ಕಂಡದ್ದು ಆಲ್ಝೈಮರ್ ಅಲ್ಲದ ಬಗೆಯವರಲ್ಲಿ.

ಬ್ರಿಟನ್ನಿನ ಎರಡು ಪ್ರಯೋಗಗಳು ಉತ್ಸಾಹಕ್ಕೆ ತಣ್ಣೀರು ಎರಚಿದವು. 2018ರ ಡಾಪಾ ಪ್ರಯೋಗದಲ್ಲಿದ್ದ 494 ಜನರಲ್ಲಿ 329 ಜನರಿಗೆ ಏರೋಬಿಕ್ ಮತ್ತು ಶಕ್ತಿಯ ವ್ಯಾಯಾಮ ಮಾಡಿಸಿದರು, ಉಳಿದವರಿಗೆ ಮಾಮೂಲಿ ಆರೈಕೆ. ಮೈ ಗಟ್ಟಿಯಾಯಿತು, ಆದರೆ ಬುದ್ಧಿಶಕ್ತಿಯ ಇಳಿಕೆ ನಿಧಾನವಾಗಲಿಲ್ಲ. ಬುದ್ಧಿಶಕ್ತಿಯ ಅಂಕಗಳಲ್ಲಿ ವ್ಯಾಯಾಮ ಮಾಡಿದವರು ಉಳಿದವರಿಗಿಂತ ತುಸು ಕೆಳಗೇ ಇದ್ದರು. 2023ರಲ್ಲಿ ಪ್ರಕಟವಾದ ಪ್ರೈಸ್ಡ್ ಪ್ರಯೋಗದಲ್ಲಿ ಡಿಮೆನ್ಷಿಯಾದ ಆರಂಭದಲ್ಲಿದ್ದ ಅಥವಾ ಸೌಮ್ಯ ಮರೆವಿದ್ದ 365 ಜನ. ಒಂದು ಗುಂಪಿಗೆ ವರ್ಷದಲ್ಲಿ 50ರವರೆಗೆ ಥೆರಪಿ ಭೇಟಿ. ದಿನನಿತ್ಯದ ಕೆಲಸದ ಶಕ್ತಿಯಲ್ಲಿ ವ್ಯತ್ಯಾಸ ಬರಲಿಲ್ಲ. ಬೀಳುವುದು ಕಡಿಮೆಯಾಯಿತು ಎಂದು ಖಚಿತವಾಗಿ ಹೇಳುವಂಥ ಲೆಕ್ಕವೂ ಸಿಗಲಿಲ್ಲ. ಕೋವಿಡ್ ನಡುವೆ ಬಂದು ಥೆರಪಿಯ ಒಂದಷ್ಟು ಭಾಗ ಫೋನಿಗೆ ಇಳಿದದ್ದನ್ನೂ ನೆನಪಿಡಬೇಕು, ಆದರೆ ಅದನ್ನೇ ನೆಪ ಮಾಡಿಕೊಂಡು ಫಲಿತಾಂಶವನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಇವನ್ನೆಲ್ಲ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಹೀಗೆ. ಯಾವುದನ್ನು ಅಭ್ಯಾಸ ಮಾಡಿಸುತ್ತೇವೋ ಅದು ಸುಧಾರಿಸುತ್ತದೆ. ಬ್ಯಾಲೆನ್ಸ್ ಮಾಡಿಸಿದರೆ ಬ್ಯಾಲೆನ್ಸ್. ಅದು ನೆನಪಿಗೆ ಹರಿಯುವುದಿಲ್ಲ. ಬಟ್ಟೆ ಹಾಕಿಕೊಳ್ಳುವ ಶಕ್ತಿಗೂ ತಾನಾಗಿ ಹರಿಯುವುದಿಲ್ಲ. ವ್ಯಾಯಾಮ ಮಾಡಿಸಿದರೆ ಮರೆವು ಹಿಂದೆ ಸರಿಯುತ್ತದೆ ಎಂದು ಮಾರುವವರ ಕೈಗೆ ದುಡ್ಡು ಕೊಡಬೇಡಿ. ಬೀಳುವುದು ಕಡಿಮೆಯಾದದ್ದು ಚೆನ್ನಾಗಿ ಕಂಡದ್ದು ಫಿನ್ಲೆಂಡಿನಲ್ಲಿ. ಅಲ್ಲಿ ಥೆರಪಿ ವರ್ಷವಿಡೀ ನಡೆಯಿತು, ಮನೆಯಲ್ಲೇ ನಡೆಯಿತು, ಜೊತೆಗೊಬ್ಬ ಸಂಗಾತಿ ಇದ್ದರು. ಈ ಮೂರರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳುವುದು ಕಷ್ಟ.

ವ್ಯವಸ್ಥೆ ಎಡವುವ ಜಾಗ

ಫಿಸಿಯೋಥೆರಪಿಯನ್ನು ಎಲ್ಲ ಕಡೆ ಕಂತಿನಲ್ಲಿ ಕೊಡುತ್ತಾರೆ. ಇಷ್ಟು ಭೇಟಿ, ಆಮೇಲೆ "ಮನೆಯಲ್ಲಿ ಮುಂದುವರಿಸಿ" ಎಂದು ಒಂದು ಹಾಳೆ. ಮಂಡಿ ಆಪರೇಷನ್ ಆದವರಿಗೆ ಇದು ಸರಿ. ಡಿಮೆನ್ಷಿಯಾದಲ್ಲಿ ಆ ಹಾಳೆ ಓದುವವರು ಯಾರು? ಮುಂದುವರಿಸಬೇಕಾದವರಿಗೆ ಹಾಳೆ ಇದೆ ಎಂಬುದೇ ನೆನಪಿರುವುದಿಲ್ಲ. ಹಾಗಾಗಿ ಅದು ಆರೈಕೆ ಮಾಡುವವರ ಹೆಗಲಿಗೆ ಬೀಳುತ್ತದೆ. ಅವರು ಎಷ್ಟೋ ಸಲ ತಾವೇ 70 ದಾಟಿದ ಹೆಂಡತಿ ಅಥವಾ ಗಂಡ, ಇಲ್ಲವೇ ಕೆಲಸ ಮತ್ತು ಮನೆಯ ನಡುವೆ ಹರಿದುಹೋಗಿರುವ ಮಗಳು. "ದಿನಕ್ಕೆ ಮೂರು ಸಲ ಮಾಡಿಸಿ" ಎಂದು ಹೇಳುವ ಮೊದಲು ಅವರಿಗೆ ಅದು ಸಾಧ್ಯವೇ ಎಂದು ಕೇಳುವವರು ಕಡಿಮೆ. ಕೆಲಸ ಮಾಡುವ ಉಪಾಯ ಬೇರೆ ಹಾಳೆಯಲ್ಲ, ಈಗಾಗಲೇ ಇರುವ ದಿನಚರಿ. ಊಟಕ್ಕೆ ಕೂರುವ ಮುನ್ನ ಐದು ಸಲ ಎದ್ದು ಕೂರುವುದು. ಹಲ್ಲುಜ್ಜುವಾಗ ಬೇಸಿನ್ ಹಿಡಿದು ಹಿಮ್ಮಡಿ ಎತ್ತುವುದು.

ಪ್ರಗತಿ ನಿಂತರೆ ಥೆರಪಿ ನಿಲ್ಲಿಸುವ ನಿಯಮವೂ ಇಲ್ಲಿ ಎಡವುತ್ತದೆ. ಇಳಿಮುಖವಾಗಿಯೇ ಸಾಗುವ ಕಾಯಿಲೆಯಲ್ಲಿ ಆರು ತಿಂಗಳು ಇದ್ದಲ್ಲೇ ಇರುವುದೂ ಒಂದು ಗೆಲುವು. ಅಂಕ ಏರಲಿಲ್ಲ ಎಂದು ಫೈಲು ಮುಚ್ಚಿದರೆ ಆ ಗೆಲುವು ಲೆಕ್ಕಕ್ಕೇ ಸಿಗುವುದಿಲ್ಲ. ಕೂರಿಸಿಯೇ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ 2007ರ ಒಂದು ಅಧ್ಯಯನ ನೋಡಿ. ಆರೋಗ್ಯವಂತ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇರಿಸಿದರು. ಕಾಲುಗಳ ಮಾಂಸಖಂಡದಲ್ಲಿ ಸುಮಾರು 1 ಕಿಲೋ ಕರಗಿತ್ತು. ಬೀಳದಿರಲಿ ಎಂದು ಕೂರಿಸಿದವರು ಮುಂದಿನ ಸಲ ಎದ್ದಾಗ ಬೀಳುವುದು ಹೀಗೆ. ಕಟ್ಟಿ ಕೂರಿಸುವುದಂತೂ ಇನ್ನೂ ಅಪಾಯ. ಬಿಡಿಸಿಕೊಳ್ಳಲು ಹೋಗಿ ಆಗುವ ಗಾಯಗಳು ಬಿದ್ದ ಗಾಯಕ್ಕಿಂತ ಕೆಟ್ಟದಾಗಿರಬಹುದು.

ಬ್ಯಾಲೆನ್ಸ್ ವ್ಯಾಯಾಮಕ್ಕೆ ಮೊದಲು, ಅದರ ಜೊತೆಗೆ ನೋಡಬೇಕಾದ್ದು ಇನ್ನೂ ಇದೆ. ನಿದ್ದೆಮಾತ್ರೆ, ಮನಸ್ಸು ಶಾಂತ ಮಾಡುವ ಮಾತ್ರೆ, ಬಿಪಿ ಮಾತ್ರೆ ಇವುಗಳ ಪಟ್ಟಿಯನ್ನು ವೈದ್ಯರ ಎದುರು ಮತ್ತೊಮ್ಮೆ ಇಡಬೇಕು. ಮಲಗಿದಾಗ ಮತ್ತು ನಿಂತಾಗ ಬಿಪಿ ಅಳೆಸಬೇಕು. ಮೇಲಿನ ಅಂಕಿ 20ರಷ್ಟು ಕುಸಿದರೆ ಎಷ್ಟು ವ್ಯಾಯಾಮ ಮಾಡಿಸಿದರೂ ತಲೆ ಸುತ್ತಿ ಬೀಳುವುದು ತಪ್ಪದಿರಬಹುದು. ಕಣ್ಣಿನ ಪೊರೆ, ಸಡಿಲ ಚಪ್ಪಲಿ, ರಾತ್ರಿ ಬಚ್ಚಲಿಗೆ ಹೋಗುವ ದಾರಿಯ ಕತ್ತಲು. ನೋವನ್ನೂ ಮರೆಯಬಾರದು. ಮಂಡಿ ನೋಯುತ್ತಿದೆ ಎಂದು ಹೇಳಲು ಮಾತು ಸಿಗದವರು ಥೆರಪಿಸ್ಟರ ಕೈಯನ್ನು ತಳ್ಳುತ್ತಾರೆ. ನಾವು ಅದನ್ನು "ಸಹಕರಿಸುವುದಿಲ್ಲ" ಎಂದು ಓದುತ್ತೇವೆ.

ವಾಕರ್ ಬಗ್ಗೆ ಒಂದು ಮಾತು. ಬಿದ್ದ ಕೂಡಲೇ ವಾಕರ್ ತಂದುಕೊಡುವುದು ರೂಢಿ. ಆದರೆ ಅದನ್ನು ಬಳಸುವುದಕ್ಕೂ ಗಮನ ಬೇಕು. ವಾಕರ್ ಮುಂದಿಡು, ಹೆಜ್ಜೆ ಹಾಕು, ಮತ್ತೆ ವಾಕರ್. ಗಮನವೇ ಸಾಲದವರಿಗೆ ಇದು ಎರಡನೇ ಕೆಲಸ. ಕೆಲವರು ಅದನ್ನು ಎತ್ತಿಕೊಂಡೇ ನಡೆಯುತ್ತಾರೆ, ಕೆಲವರು ಬಾಗಿಲ ಬಳಿ ಬಿಟ್ಟು ಹೋಗುತ್ತಾರೆ. ಕೊಡಲೇಬೇಕಿದ್ದರೆ ಕಾಯಿಲೆ ಇನ್ನೂ ಆರಂಭದಲ್ಲಿರುವಾಗಲೇ ಕೊಟ್ಟು, ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿಸುವುದು ಮೇಲು.

ಕಾಯಿಲೆ ತುಂಬಾ ಮುಂದುವರಿದ ಮೇಲೆ ಥೆರಪಿಯ ಗುರಿ ಚಿಕ್ಕದಾಗುತ್ತದೆ. ನಡಿಗೆ ಹೋಗಿರಬಹುದು. ಆಗ ಉಳಿಸಿಕೊಳ್ಳಬೇಕಾದದ್ದು ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಕೂರುವುದು, ಹಿಡಿದುಕೊಂಡು ಅರ್ಧ ನಿಮಿಷ ನಿಲ್ಲುವುದು. ಅರ್ಧ ನಿಮಿಷದಿಂದ ಏನಾಗುತ್ತದೆ ಎನ್ನಿಸಬಹುದು. ಅಷ್ಟು ಹೊತ್ತು ಅವರು ತಮ್ಮ ಕಾಲ ಮೇಲೆ ನಿಂತರೆ, ಬಟ್ಟೆ ಬದಲಿಸಿ ಗಾಲಿಕುರ್ಚಿಗೆ ಕೂರಿಸಲು ಒಬ್ಬರು ಸಾಕು. ನಿಲ್ಲದಿದ್ದರೆ ಇಬ್ಬರು ಸೇರಿ ಎತ್ತಬೇಕು, ಮತ್ತು ಹೆಚ್ಚಿನ ಮನೆಗಳಲ್ಲಿ ಆ ಎರಡನೆಯವರು ಇರುವುದಿಲ್ಲ.